ಹದಿನೇಳನೇ ಮಂಚದ ಗವಾಕ್ಷಿ

ನಮ್ಮ ಮಾವ ನಗರಸಭೆಯ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಗವಾಕ್ಷಿ ತೆಗೆದು ಮುಚ್ಚುವ ಕೆಲಸ ಮಾಡಿದರು. ಹೀಗೊಂದು ಕೆಲಸ ಇರುತ್ತದೆ ಎಂಬುದೇ ಮದುವೆಯಾಗಿ ಈ ಮನೆಗೆ ಬರುವವರೆಗೆ ನನಗೆ ಗೊತ್ತಿರಲಿಲ್ಲ. ಸಂಬಳದ ಪುಸ್ತಕದಲ್ಲಿ ಅವರು ಅಟೆಂಡರ್. ಆಸ್ಪತ್ರೆಯವರ ಬಾಯಲ್ಲಿ ಗಾಳಿಯಪ್ಪ. ಹೊಸದರಲ್ಲಿ ತರಕಾರಿಯವಳು "ಓ, ನೀನು ಗಾಳಿಯಪ್ಪನ ಸೊಸೆನಾ?" ಎಂದು ಕೇಳಿದಾಗ ನನಗೆ ಮುಖ ಎಲ್ಲಿಡಲಿ ಅನ್ನಿಸಿತ್ತು. ಮನೆಗೆ ಬಂದವಳೇ ನಮ್ಮವರನ್ನು ತರಾಟೆಗೆ ತೆಗೆದುಕೊಂಡೆ. "ನಿಮ್ಮಪ್ಪ ಏನು, ಗಾಳಿ ಬಿಡಿಸೋರಾ?"

ಉತ್ತರ ಒಳಕೋಣೆಯಿಂದ ಬಂತು. "ಬಿಡಿಸೋನಲ್ಲಮ್ಮ, ಬಿಡೋನು."

ಅಂದಿನಿಂದ ನನಗೂ ಮಾವನಿಗೂ ಸ್ನೇಹ.

ನಾನು ಬಸುರಿಯಾದಾಗ ತಿಂಗಳಿಗೊಮ್ಮೆ ತೋರಿಸಲು ಅದೇ ಆಸ್ಪತ್ರೆಗೆ ಹೋಗಬೇಕಿತ್ತು. ನಮ್ಮವರು ಬಸ್ ಕಂಡಕ್ಟರ್. ಅವರ ಪಾಳಿಗೂ ಡಾಕ್ಟರ ಸಮಯಕ್ಕೂ ಹೊಂದುತ್ತಿರಲಿಲ್ಲ. ಮಾವ ಜೊತೆಗೆ ಬರುತ್ತಿದ್ದರು. ಹೊಸ ಗಾಜಿನ ಕಟ್ಟಡದಲ್ಲಿ ನನ್ನ ಸರದಿ ಮುಗಿಯುವವರೆಗೆ ಹೊರಗೆ ಚಪ್ಪಲಿಗಳ ಪಕ್ಕ ನಿಂತಿರುತ್ತಿದ್ದರು. ಒಳಗೆ ಬಂದು ಕೂರಿ ಎಂದರೆ ಕೂರುವವರಲ್ಲ. ನಾನು ಚೀಟಿ ಹಿಡಿದು ಹೊರಬಂದರೆ, "ಡಾಕ್ಟ್ರು ನೋಡಿದ್ದಾಯ್ತಲ್ಲ, ಈಗ ನಮ್ಮ ಆಸ್ಪತ್ರೆ ನೋಡೋಣ ಬಾ" ಎಂದು ಹಿಂದಿನ ಹಳೆಯ ಕಟ್ಟಡಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಆಗಲೇ ಅದು ಮುರಿದ ಮಂಚಗಳ ಉಗ್ರಾಣವಾಗಿತ್ತು. ಬೀಗದ ಕೈ ಇಟ್ಟುಕೊಂಡಿದ್ದ ಕಾವಲುಗಾರ ಇವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ.

ಆ ಕಟ್ಟಡದ ಕಥೆಯನ್ನು ಮಾವ ತಮ್ಮ ತಾತನ ಕಥೆಯಂತೆ ಹೇಳುತ್ತಿದ್ದರು. ನೂರು ವರ್ಷಕ್ಕೂ ಹಿಂದೆ ಕೆಳಗಿನ ಗಲ್ಲಿಗಳಲ್ಲಿ ಒಂದು ಜ್ವರ ಬಂತಂತೆ. ಒಂದೊಂದು ಮನೆಯಿಂದ ಎರಡು ಮೂರು ಹೆಣ. ನಗರಸಭೆಯವರು ಊರಾಚೆಯ ದಿಬ್ಬವನ್ನು ಕೊಂಡರು. ಗಾಳಿ ಬಿಟ್ಟರೆ ಅಲ್ಲಿ ಇನ್ನೇನೂ ಬೆಳೆಯುತ್ತಿರಲಿಲ್ಲ. ನಕ್ಷೆ ಬರೆದವನು ಸೇತುವೆ ಕಟ್ಟುವ ಎಂಜಿನಿಯರು, ಆಸ್ಪತ್ರೆ ಕಟ್ಟಿ ಗೊತ್ತಿಲ್ಲದವನು. ಅವನು ದಿಬ್ಬದ ಮೇಲೆ ಒಂದು ಕೋಲು ನೆಟ್ಟು, ತುದಿಗೆ ಬಟ್ಟೆಚೂರು ಕಟ್ಟಿ, ಒಂದು ವರ್ಷ ಪೂರ್ತಿ ಅದು ಯಾವ ಹೊತ್ತಿನಲ್ಲಿ ಯಾವ ಕಡೆ ಹಾರುತ್ತದೆ ಎಂದು ಬರೆದಿಟ್ಟನಂತೆ. ಆಮೇಲೆ ಬಾಚಣಿಗೆಯ ಹಲ್ಲುಗಳ ಹಾಗೆ ನಾಲ್ಕು ಉದ್ದನೆಯ ವಾರ್ಡು, ಅವನ್ನು ಸೇರಿಸಲು ಒಂದೇ ಓಣಿ. ವಾರ್ಡಿಗೂ ವಾರ್ಡಿಗೂ ನಡುವೆ ನಲವತ್ತು ಹೆಜ್ಜೆ ಬಯಲು.

"ಯಾಕೆ ಹೇಳು?" ಎಂದು ಕೇಳಿ, ನಾನು ಹೇಳುವ ಮೊದಲೇ ಅವರೇ ಹೇಳಿಬಿಡುತ್ತಿದ್ದರು. "ಒಂದು ವಾರ್ಡು ಬಿಟ್ಟ ಉಸಿರು ಇನ್ನೊಂದಕ್ಕೆ ತಾಕಬಾರದು. ಎದೆ ಕಾಯಿಲೆ ವಾರ್ಡು ಕೊನೇಲಿ, ಗಾಳಿ ಬಾಲದಲ್ಲಿ. ಮಕ್ಕಳ ವಾರ್ಡು ಮೊದಲಲ್ಲಿ, ಗಾಳಿ ಮುಖದಲ್ಲಿ. ಹೊಸ ಗಾಳಿ ಮೊದಲು ಮಕ್ಕಳಿಗೆ."

ಗೋಡೆಗಳು ಹಳೇ ಕೋಟೆ ಒಡೆದು ತಂದ ಕಲ್ಲಿನವು. ಕಿಟಕಿಯ ಕಟ್ಟೆ ಎಷ್ಟು ಅಗಲವೆಂದರೆ ಎಂಟು ತಿಂಗಳ ಹೊಟ್ಟೆ ಹೊತ್ತು ನಾನು ಅದರ ಮೇಲೆ ಕಾಲು ಮಡಿಸಿ ಕೂರುತ್ತಿದ್ದೆ. ನೆಲ ಗೋಡೆಯನ್ನು ಸೇರುವಲ್ಲಿ ಮೂಲೆಯೇ ಇರಲಿಲ್ಲ, ಬಟ್ಟಲಿನ ಒಳಗಿನಂತೆ ಗುಂಡಗೆ ತಿರುಗಿತ್ತು. "ಮೂಲೆ ಇದ್ರೆ ಕಸ ಕೂರುತ್ತೆ, ಕಸ ಕೂತ್ರೆ ಕಾಯಿಲೆ ಕೂರುತ್ತೆ" ಎನ್ನುತ್ತಿದ್ದರು ಮಾವ. ಮಾಡು ಮೂರಾಳೆತ್ತರ. ಮಾಡಿನ ಕೆಳಗೆ ಸಾಲಾಗಿ ಗವಾಕ್ಷಿಗಳು, ವಾರ್ಡಿಗೆ ಇಪ್ಪತ್ತನಾಲ್ಕರಂತೆ ತೊಂಬತ್ತಾರು. ಒಂದೊಂದಕ್ಕೂ ಒಂದೊಂದು ಹಗ್ಗ, ಕೆಳಗೆ ಗೋಡೆಯಲ್ಲಿ ಕೊಂಡಿ. ಹಗ್ಗ ಎಳೆದು ಕಟ್ಟಿದರೆ ಗವಾಕ್ಷಿ ತೆರೆದಿರುತ್ತದೆ, ಬಿಚ್ಚಿದರೆ ತನ್ನ ಭಾರಕ್ಕೆ ತಾನೇ ಬಂದು ಮುಚ್ಚಿಕೊಳ್ಳುತ್ತದೆ.

"ಇದಕ್ಕೆ ಒಬ್ಬ ಆಳು ಬೇಕಾ ಮಾವ? ಯಾರು ಬೇಕಾದ್ರೂ ಎಳೀಬಹುದಲ್ಲ?"

"ಎಳೀಬಹುದು. ಎಳೆದು ನೋಡ್ಲಿ." ಅವರಿಗೆ ಇದು ಪ್ರಿಯವಾದ ಪ್ರಶ್ನೆ. "ಗಾಳಿ ಹೋಗೋ ಕಡೇದು ಮೊದಲು ತೆಗೀಬೇಕು, ಬರೋ ಕಡೇದು ಆಮೇಲೆ. ತಿರುಗಾಮುರುಗಾ ಮಾಡಿದ್ರೆ ಒಳಗೆ ಬಂದ ಗಾಳಿಗೆ ದಾರಿ ಸಿಗಲ್ಲ, ಜಗಳ ಆಡುತ್ತೆ. ರೋಗಿಗಳ ಹೊದಿಕೆ ಹಾರುತ್ತೆ, ನರ್ಸಮ್ಮನ ಕಾಗದ ಹಾರುತ್ತೆ, ಆಮೇಲೆ ನನ್ನ ಮಾನ ಹಾರುತ್ತೆ."

ಸಂಜೆಯ ನಿಯಮವೂ ಇತ್ತು. ಎದೆಯ ವಾರ್ಡಿನಲ್ಲೂ ಮಕ್ಕಳ ವಾರ್ಡಿನಲ್ಲೂ ಯಾವುದನ್ನೂ ಪೂರ್ತಿ ಮುಚ್ಚುವಂತಿಲ್ಲ, ಎಂಥ ಚಳಿಯಿದ್ದರೂ ನಾಲ್ಕು ಬೆರಳು ಬಿಡಬೇಕು. ಎಲ್ಲವನ್ನೂ ಸರಿಮಾಡಿ, ನಾಲ್ಕೂ ವಾರ್ಡು ಸೇರಿ ಎಷ್ಟು ಗವಾಕ್ಷಿ ಎಂದು ಆಸ್ಪತ್ರೆಯ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಮನೆಗೆ ಹೋಗಬೇಕು. ತೆಗೆದದ್ದನ್ನು ತೆಗೆದಂತೆಯೇ ಬಿಟ್ಟು ಹೋದರೆ ಅದು ಅವರ ಕೆಲಸದಲ್ಲಿ ದೊಡ್ಡ ತಪ್ಪು.

ಮಕ್ಕಳ ವಾರ್ಡಿನಲ್ಲಿ ನನಗೊಂದು ವಿಚಿತ್ರ ಕಂಡಿತ್ತು. ಗೋಡೆಯ ಮೇಲೆ ಮಂಚದ ನಂಬರುಗಳನ್ನು ಬಣ್ಣದಲ್ಲಿ ಬರೆದಿದ್ದರು. ಹದಿನಾರಿತ್ತು, ಹದಿನೆಂಟಿತ್ತು. ನಡುವೆ ಒಂದು ಮಂಚದಷ್ಟು ಜಾಗ ಖಾಲಿ, ಗೋಡೆಯ ಮೇಲೆ ಮಾಡಿನಿಂದ ನೆಲದವರೆಗೆ ಮಳೆನೀರಿಳಿದ ಕಪ್ಪು ಪಟ್ಟೆ. ಮೇಲೆ ನೋಡಿದರೆ ಉಳಿದ ಗವಾಕ್ಷಿಗಳೆಲ್ಲ ಮುಚ್ಚಿದ್ದವು, ಅದೊಂದು ಮಾತ್ರ ಅಗಲವಾಗಿ ತೆರೆದಿತ್ತು.

"ಇಲ್ಲಿ ಯಾಕೆ ಮಂಚ ಇಲ್ಲ ಮಾವ?"

"ಮಳೆ ಬೀಳುತ್ತೆ."

"ಗವಾಕ್ಷಿ ಮುಚ್ಚಿದ್ರೆ ಬೀಳಲ್ಲ ಅಲ್ವಾ?"

ಅವರು ನಕ್ಕರು. "ನಡಿ, ನಿಂಗೆ ಹಸಿವಾಗಿರುತ್ತೆ."

ನನಗೆ ಹಸಿವಾಗಿತ್ತು. ಮತ್ತೆ ಕೇಳಲಿಲ್ಲ.

ಮಗು ಹುಟ್ಟಿದ ಮೇಲೆ ತೊಟ್ಟಿಲ ಹಗ್ಗ ಕಟ್ಟಿದವರು ಮಾವನೇ. ಅದು ಅವರ ಗವಾಕ್ಷಿಯ ಗಂಟು. ಒಂದು ತುದಿ ಎಳೆದರೆ ಕಲ್ಲಿನಂತೆ ಬಿಗಿಯುತ್ತದೆ, ಇನ್ನೊಂದನ್ನು ಸುಮ್ಮನೆ ಒಮ್ಮೆ ಜಗ್ಗಿದರೆ ನೀರಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಯಾವ ತುದಿ ಎಂದು ಗೊತ್ತಿಲ್ಲದವರು ಎಳೆದಷ್ಟೂ ಬಿಗಿ. ನಮ್ಮವರು ಅರ್ಧ ಗಂಟೆ ಒದ್ದಾಡಿ ಕತ್ತರಿ ತರಲು ಹೋದರು. ನನಗೆ ಮಾವ ಎರಡೇ ಸಲ ತೋರಿಸಿದ್ದು. "ನೋಡು, ಕಲಿತುಬಿಟ್ಲು. ಮೂವತ್ತೈದು ವರ್ಷ ಹುಡುಕಿದೆ, ನನ್ನ ಜಾಗಕ್ಕೆ ಬರೋಳು ಮನೇಲೇ ಸಿಕ್ಕಿದ್ಲು" ಎಂದು ಅತ್ತೆಗೆ ಕೂಗಿ ಹೇಳಿದರು.

ಇಷ್ಟು ಒಳ್ಳೆಯ ಮನುಷ್ಯನಿಗೆ ನಾನು ಒಂದು ಮಾತು ಆಡಿದೆ. ಅದನ್ನೂ ಬರೆಯಬೇಕು.

ಮಗುವಿಗೆ ಐದು ತಿಂಗಳಿದ್ದಾಗ ನೆಗಡಿಯಾಗಿ ಎದೆ ಗೊರಗೊರ ಎನ್ನುತ್ತಿತ್ತು. ಹೊರಗೆ ತಣ್ಣನೆ ಗಾಳಿ. ನಾನು ಕಿಟಕಿ ಮುಚ್ಚಿದೆ. ಮಾವ ಬಂದು ತೆಗೆದರು. ಮತ್ತೆ ಮುಚ್ಚಿದೆ, ಮತ್ತೆ ತೆಗೆದರು. ಮೂರು ದಿನದಿಂದ ನಿದ್ದೆಯಿರಲಿಲ್ಲ ನನಗೆ. ಮೂರನೆಯ ಸಲ ಅವರ ಕೈ ಕಿಟಕಿಯ ಮೇಲಿರುವಾಗಲೇ, "ಮಗೂನ ಹೇಗೆ ಉಳಿಸಿಕೋಬೇಕು ಅಂತ ನಿಮಗೇನು ಗೊತ್ತು ಮಾವ? ಸುಮ್ನೆ ಹೋಗಿ ಅತ್ಲಾಗೆ" ಎಂದುಬಿಟ್ಟೆ.

ಅವರು ಕೈ ತೆಗೆದರು. "ಸರಿಯಮ್ಮ" ಎಂದರು. ಅಷ್ಟೇ. ಅಂದಿನಿಂದ ಅವರ ಚಾಪೆ ಹೊರಗಿನ ಜಗಲಿಗೆ ಹೋಯಿತು.

ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆಗೆ ಎಲ್ಲ ಕೇಳಿಸಿತ್ತು. ಬೈಯುತ್ತಾರೆ ಎಂದುಕೊಂಡೆ. ಅವರು ಮೊರದಿಂದ ತಲೆ ಎತ್ತದೆ, "ನಿನ್ನ ಗಂಡನಿಗಿಂತ ಮುಂಚೆ ನಮಗೊಬ್ಬಳು ಮಗಳಿದ್ಲು" ಎಂದರು.

ನಾನು ಅವರ ಎದುರಿಗೆ ಕುಳಿತೆ.

"ನಾಲ್ಕು ವರ್ಷ. ಎದೇಲಿ ಕಫ ಕಟ್ಟಿತ್ತು. ಇವರ ಆಸ್ಪತ್ರೆನೇ, ಹದಿನೇಳನೇ ಮಂಚ. ಒಂದು ಸಂಜೆ ಗಾಳಿ ಜೋರಾಯ್ತು, ಮಗು ಗಡಗಡ ನಡುಗ್ತಿತ್ತು. ಇವರು ಬಂದು ನಾಲ್ಕು ಬೆರಳು ಬಿಟ್ಟು ಕಟ್ಟಿದ್ರು. ನಾನು ಬಿಡಲಿಲ್ಲ ಕಣೆ. ಹಗ್ಗ ನಿಮ್ಮ ಕೈಯಲ್ಲೇ ಇದೆ, ಮಗಳು ಕಣ್ಣೆದುರಿಗೇ ನಡುಗ್ತಿದಾಳೆ, ಯಾವ ಸೀಮೆ ಅಪ್ಪ ನೀವು, ಮುಚ್ಚಿ ಅಂದೆ. ಮುಚ್ಚಿದ್ರು. ಮೂರನೇ ದಿನ ಹೋಗಿಬಿಟ್ಲು."

"ಅದಕ್ಕೂ ಇದಕ್ಕೂ..." ಎಂದೆ.

"ಸಂಬಂಧ ಇಲ್ಲ ಅಂತ ಡಾಕ್ಟ್ರೂ ಹೇಳಿದ್ರು. ಕಾಯಿಲೆ ಆಗಲೇ ಕೈ ಮೀರಿತ್ತಂತೆ. ಅದು ನಮ್ಮ ಕಿವಿಗೆ ಹೋಯ್ತು, ಹೊಟ್ಟೆಗೆ ಇಳೀಲಿಲ್ಲ. ಅವಳನ್ನ ಎತ್ಕೊಂಡು ಹೊರಟ ಮೇಲೆ ಇವರು ಒಬ್ರೇ ಹಿಂದಕ್ಕೆ ಹೋಗಿ ಆ ಗವಾಕ್ಷಿ ಎಳೆದು ಕಟ್ಟಿದ್ರು. ಆಮೇಲೆ ಯಾರು ಹೇಳಿದ್ರೂ ಮುಚ್ಚಲಿಲ್ಲ. ವರ್ಷಕ್ಕೊಂದು ಸಲ ಹಗ್ಗ ಬದಲಾಯಿಸ್ತಿದ್ರು, ಅದೂ ಹೊಸದು ಕಟ್ಟಿಯೇ ಹಳೇದು ಬಿಚ್ಚೋದು. ದೊಡ್ಡ ಡಾಕ್ಟ್ರಿಗೂ ಸಾಕಾಗಿ ಮಂಚಾನೇ ತೆಗೆಸಿದ್ರು. ಪುಸ್ತಕದಲ್ಲಿ ದಿನಾ ತೊಂಬತ್ತೈದು ಅಂತ ಬರೀತಿದ್ರಂತೆ." ಅತ್ತೆ ಒಂದು ಕಲ್ಲು ಹೆಕ್ಕಿ ಹೊರಗೆ ಎಸೆದರು. "ನಲವತ್ತೊಂದು ವರ್ಷ ಆಯ್ತು. ನೀನು ಹೇಳಿದ್ದಕ್ಕೇ ಮುಚ್ಚಿದೆ ಅಂತ ಒಂದು ದಿನ ಬಾಯಿ ಬಿಟ್ಟಿಲ್ಲ ಆ ಮನುಷ್ಯ. ಬೈದಿದ್ರೆ ನಾನೂ ಎದುರು ಬೈದು, ಅತ್ತು, ಹಗುರ ಆಗ್ತಿದ್ದೆ."

ನಾನು ಆ ದಿನವೇ ಜಗಲಿಗೆ ಹೋಗಿ ಕ್ಷಮಿಸಿ ಎನ್ನಬೇಕಿತ್ತು. ಹೋದೆ ಕೂಡ, ಕಾಫಿ ಲೋಟ ಹಿಡಿದುಕೊಂಡು. "ಸಕ್ಕರೆ ಸಾಕಾ ಮಾವ?" ಎಂದೆ. "ಸಾಕಮ್ಮ" ಎಂದರು. ನಮ್ಮ ಮನೆಯಲ್ಲಿ ಯಾರಿಗೂ ಆಡಬೇಕಾದ ಮಾತು ಆಡಲು ಬರುವುದಿಲ್ಲ. ಮಗುವಿನ ನೆಗಡಿ ವಾರದಲ್ಲಿ ಹೋಯಿತು. ಮಾವನ ಚಾಪೆ ಒಳಗೆ ಬರಲಿಲ್ಲ.

ಎರಡು ತಿಂಗಳಿಗೆ ಮಾವನಿಗೆ ಉಸಿರು ಕಟ್ಟತೊಡಗಿತು. ಜಗಲಿಯ ಚಳಿಯಿಂದಲೇ ಎಂದು ನಾನು ಹೇಳಿದ್ದಕ್ಕೆ ಡಾಕ್ಟರು ಅಲ್ಲವೆಂದು ತಲೆಯಾಡಿಸಿದರು. ಶ್ವಾಸಕೋಶ ಹತ್ತು ವರ್ಷದಿಂದ ಸವೆದಿದೆ, ಒಂದೆರಡು ತಿಂಗಳದ್ದಲ್ಲ ಎಂದರು. ಅದು ನನ್ನ ಕಿವಿಗೆ ಹೋಯಿತು.

ಹೊಸ ಕಟ್ಟಡದ ಮೂರನೇ ಮಹಡಿಯಲ್ಲಿ ಮಂಚ ಸಿಕ್ಕಿತು. ಗೋಡೆಯಷ್ಟಗಲದ ಗಾಜು, ಆದರೆ ಅದು ತೆರೆಯುವುದಿಲ್ಲ. ಮಾವ ಮೂಗಿನ ಮೇಲೆ ಮಾಸ್ಕು ಇಟ್ಟುಕೊಂಡೇ ಅದನ್ನು ಮೇಲಿಂದ ಕೆಳಗೆ ನೋಡಿ, "ಹಗ್ಗ ಎಲ್ಲಿದೆ ಇದಕ್ಕೆ?" ಎಂದರು. ಪಕ್ಕದ ಮಂಚದವರು ನಕ್ಕರು. ನಾನೂ ನಕ್ಕೆ.

ಬುಧವಾರ ಅವರು ನನ್ನ ಸೆರಗು ಹಿಡಿದೆಳೆದು, ಮಾಸ್ಕು ಪಕ್ಕಕ್ಕೆ ಸರಿಸಿ ಹೇಳಿದರು. "ಒಂದು ಕೆಲಸ ಬಾಕಿ ಇದೆ."

"ಏನು ಮಾವ?"

"ಸೋಮವಾರ ಹಳೇ ಕಟ್ಟಡ ಒಡೀತಾರಂತೆ. ಗೋಡೆಗೆ ನೋಟೀಸು ಅಂಟಿಸಿದಾರೆ. ಅದೊಂದು ತೆಗೆದೇ ಇದೆ. ಖಾಲಿ ವಾರ್ಡು ಪೂರ್ತಿ ಮುಚ್ಚಬೇಕು. ತೆಗೆದು ಬಿಟ್ಟು ಹೋಗಬಾರದು."

ಯಾವುದು ಎಂದು ನಾನು ಕೇಳಲಿಲ್ಲ. ಅತ್ತೆಯೂ ಅಲ್ಲೇ ಇದ್ದರು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ಇದ್ದರು.

ಆ ಮಹಡಿಯ ದೊಡ್ಡ ಸಿಸ್ಟರು ಚಿಕ್ಕ ವಯಸ್ಸಿನಲ್ಲಿ ಮಕ್ಕಳ ವಾರ್ಡಿನಲ್ಲೇ ಕೆಲಸ ಕಲಿತವರು. ಮಾವನನ್ನು ಗಾಲಿಕುರ್ಚಿಯಲ್ಲಿ ಅಲ್ಲಿಗೆ ಕರೆದೊಯ್ಯಬಹುದೇ ಎಂದು ಕೇಳಿದೆ. "ಆಕ್ಸಿಜನ್ ತೆಗೆದ್ರೆ ಲಿಫ್ಟಿನ ಬಾಗಿಲವರೆಗೂ ತಡೆಯಲ್ಲಮ್ಮ ಅವರು" ಎಂದರು. "ಕೀ ಬೇಕಾದ್ರೆ ಕೊಡಿಸ್ತೀನಿ. ಆದ್ರೆ ಗಾಳಿಯಪ್ಪನ ಗಂಟು ಬಿಚ್ಚೋರು ಯಾರು? ನಾವೆಲ್ಲ ಸೋತಿದೀವಿ."

"ನನಗೆ ಬರುತ್ತೆ" ಎಂದೆ.

ಶನಿವಾರ ಮಧ್ಯಾಹ್ನ ಮಗುವನ್ನು ಎದುರುಮನೆಯ ಅಕ್ಕನ ಹತ್ತಿರ ಬಿಟ್ಟು ಬಂದೆ. ಹೊರಡುವಾಗ ಮಾವನ ಕಿವಿಯ ಹತ್ತಿರ, "ಹೋಗಿ ಮುಚ್ಚಿ ಬರ್ತೀನಿ ಮಾವ" ಎಂದೆ. ಕ್ಷಮಿಸಿ ಎಂಬ ಮಾತಿಗೆ ಬದಲು ಇದಾದರೂ ಸಲ್ಲಲಿ ಎಂಬುದು ನನ್ನ ಮನಸ್ಸಿನಲ್ಲಿತ್ತು. ಅವರು ಕಣ್ಣು ಮುಚ್ಚಿ ತೆರೆದರು. ಅತ್ತೆ ತಾವೂ ಬರುತ್ತೇನೆಂದು ಎದ್ದರು. ಮಗಳು ಹೋದ ಮೇಲೆ ಅವರು ಆ ಓಣಿಯಲ್ಲಿ ಕಾಲಿಟ್ಟಿರಲಿಲ್ಲ.

ವಾರ್ಡಿನಲ್ಲಿ ಮಂಚಗಳನ್ನೂ ಸಾಗಿಸಿಬಿಟ್ಟಿದ್ದರು. ಅಷ್ಟುದ್ದದ ಖಾಲಿ ನೆಲದ ಮೇಲೆ ಬಿಸಿಲಿನ ಒಂದೇ ಚೌಕ ಬಿದ್ದಿತ್ತು, ಆ ತೆರೆದ ಗವಾಕ್ಷಿಯದು. ಅತ್ತೆ ನೇರ ಅಲ್ಲಿಗೆ ಹೋಗಿ ಹದಿನಾರು ಮತ್ತು ಹದಿನೆಂಟರ ನಡುವೆ ಗೋಡೆಗೆ ಅಂಗೈ ಇಟ್ಟು ನಿಂತರು. ಅಲ್ಲಿ ಮಂಚದ ತಲೆಭಾಗ ಇದ್ದಿರಬೇಕು.

ಹಗ್ಗ ಹದಿನಾಲ್ಕು ವರ್ಷ ಹಳೆಯದು, ಮಾವ ನಿವೃತ್ತಿಯಾಗುವ ಮುನ್ನ ಕಟ್ಟಿದ್ದು. ಗಂಟಿನ ಮೇಲೆ ಸುಣ್ಣ, ಧೂಳು, ಪಾರಿವಾಳದ ಹಿಕ್ಕೆ. ಬೆರಳಿಗೆ ಸಿಕ್ಕಿದ ಕೂಡಲೇ ನನಗೆ ಗುರುತಾಯಿತು, ನಮ್ಮ ತೊಟ್ಟಿಲದ್ದೇ ಗಂಟು. ಸರಿಯಾದ ತುದಿಯನ್ನು ಒಮ್ಮೆ ಜಗ್ಗಿದೆ. ಬಿಚ್ಚಿಕೊಂಡಿತು.

ಗವಾಕ್ಷಿ ಕದಲಲಿಲ್ಲ.

ಹಗ್ಗ ಸಡಿಲವಾಗಿ ನನ್ನ ಕೈಯಲ್ಲಿ ನೇತಾಡುತ್ತಿತ್ತು, ಗವಾಕ್ಷಿ ಮೇಲೆ ಹಾಗೇ ತೆರೆದುಕೊಂಡಿತ್ತು. ಅಷ್ಟು ವರ್ಷದ ಮಳೆಗೆ ಕೀಲು ತುಕ್ಕು ಹಿಡಿದು ಒಂದಾಗಿಬಿಟ್ಟಿತ್ತು. ಹಗ್ಗವನ್ನು ಕೈಗೆ ಸುತ್ತಿಕೊಂಡು ಎಳೆದೆ, ಬಿಟ್ಟೆ, ಅಲ್ಲಾಡಿಸಿದೆ. ಜೇಡರಬಲೆ ಹೊಡೆಯುವ ಉದ್ದನೆಯ ಕೋಲೊಂದು ಸಿಕ್ಕಿತು, ಅದೂ ನಿಲುಕಲಿಲ್ಲ. ಅತ್ತೆಯೂ ಬಂದು ನನ್ನ ಹಿಂದೆ ನಿಂತು ಹಗ್ಗಕ್ಕೆ ಕೈ ಹಾಕಿದರು. ಇಬ್ಬರೂ ಸೇರಿ ಒಂದು ಸಲ ಜೋರಾಗಿ ಜಗ್ಗಿದೆವು. ಹಗ್ಗ ಮೇಲಿನಿಂದಲೇ ಕಿತ್ತು ನಮ್ಮ ತಲೆಯ ಮೇಲೆ ಬಿತ್ತು. ಇನ್ನು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಅತ್ತೆ ನನ್ನ ಕೂದಲಿನಿಂದ ಧೂಳು ತೆಗೆದರು, ನಾನು ಅವರ ಕೂದಲಿನಿಂದ ತೆಗೆದೆ. ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಇಬ್ಬರೂ ಲಿಫ್ಟು ಹತ್ತಿದೆವು. ಮೂರನೇ ಮಹಡಿ ಬರುವಷ್ಟರಲ್ಲಿ ನಾನು ಏನು ಹೇಳಬೇಕೆಂದು ತೀರ್ಮಾನಿಸಿಕೊಂಡಿದ್ದೆ.

"ಮುಚ್ಚಿದೆ ಮಾವ."

ಅವರ ಕಣ್ಣು ಅಗಲವಾಯಿತು. ಮಾಸ್ಕು ಸರಿಸಿದರು. "ಗಂಟು?"

"ಬಿಚ್ಚಿತು. ಒಂದೇ ಸಲಕ್ಕೆ."

"ಎಷ್ಟು ಸಲ ಬಡೀತು?"

ಇದು ನಾನು ಎಣಿಸದಿದ್ದ ಪ್ರಶ್ನೆ. ಒಂದು ಬಾಗಿಲು ಮುಚ್ಚಿದರೆ ಎಷ್ಟು ಸಲ ಬಡಿಯುತ್ತದೆ? "ಒಂದು ಸಲ ಮಾವ. ಧಡ್ ಅಂತ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈ ತೆಗೆದುಕೊಂಡು ಅಂಗೈ ತಿರುಗಿಸಿದರು. ಹಗ್ಗ ಉಜ್ಜಿ ಚರ್ಮ ಕಿತ್ತು ಕೆಂಪಗಾಗಿತ್ತು.

"ಕೊಬ್ಬರಿ ಎಣ್ಣೆ ಹಚ್ಚಿಕೋ. ನೀರಿಗೆ ಹಾಕಬೇಡ" ಎಂದರು. "ಚೆನ್ನಾಗಿ ಮಾಡಿದೆ."

ಆಗ ಅತ್ತೆ ಮಂಚದ ಇನ್ನೊಂದು ಬದಿಯಿಂದ, ಯಾರನ್ನೂ ನೋಡದೆ, "ಅವತ್ತು ಮುಚ್ಚಿ ಅಂದವಳು ನಾನು" ಎಂದರು.

ಮಾವ ಅವರ ಕಡೆ ತಿರುಗಿದರು. ಉಸಿರು ಸೇರಿಸಿಕೊಳ್ಳಲು ಹೊತ್ತು ಹಿಡಿಯಿತು. "ಚಳಿ ಇತ್ತಲ್ಲೇ" ಎಂದರು. "ಅವತ್ತು ಚಳಿ ಇತ್ತು."

ಅದೇ ಕೊನೆಯ ಮಾತೇನಲ್ಲ. ಸಂಜೆ ಮಗನ ಹತ್ತಿರ ಪಾಳಿ ವಿಚಾರ ಕೇಳಿದರು, ಮಗುವಿಗೆ ಹಲ್ಲು ಬಂತಾ ಎಂದು ಕೇಳಿದರು. ಭಾನುವಾರ ಬೆಳಿಗ್ಗೆ, ನಾನು ಮುಖ ಒರೆಸಲು ಬಟ್ಟೆ ಒದ್ದೆ ಮಾಡಿಕೊಂಡು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಸೋಮವಾರ ಕಟ್ಟಡ ಒಡೆದರು. ನಾವ್ಯಾರೂ ನೋಡಲು ಹೋಗಲಿಲ್ಲ.

ಹದಿನೈದು ದಿನ ಬಿಟ್ಟು ದೊಡ್ಡ ಸಿಸ್ಟರು ಮನೆಗೆ ಬಂದರು. ಮಾವನ ಕನ್ನಡಕ ವಾರ್ಡಿನಲ್ಲೇ ಉಳಿದಿತ್ತು, ಅದನ್ನು ಕೊಡಲು. ಕಾಫಿ ಕುಡಿಯುತ್ತ, "ಅವತ್ತು ಗವಾಕ್ಷಿ ಮುಚ್ಚಿತಾ?" ಎಂದು ಕೇಳಿದರು. ನಾನು ನಿಜ ಹೇಳಿದೆ. ಮಾವನಿಗೆ ಏನು ಹೇಳಿದೆ ಎಂಬುದನ್ನೂ ಹೇಳಿದೆ, ಒಂದೇ ಸಲ ಬಡೀತು ಅಂದೆ ಎಂದು.

ಸಿಸ್ಟರು ಲೋಟ ಕೆಳಗಿಟ್ಟರು. "ಅದು ಎರಡು ಸಲ ಬಡೀತಿತ್ತಂತೆ ಕಣಮ್ಮ. ಹದಿನೇಳರದ್ದು ಮೊದಲಿಂದ ಸ್ವಲ್ಪ ಸೊಟ್ಟ. ಬಡಿದು, ಮೇಲೆದ್ದು, ಮತ್ತೆ ಬಡಿಯೋದಂತೆ. ನಮಗೆ ಕೆಲಸ ಕಲಿಸಿದ ಹಳೇ ನರ್ಸುಗಳು ಹೇಳ್ತಿದ್ರು. ಅವರಿಗೆಲ್ಲ ಗೊತ್ತಿತ್ತು."

ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ಅತ್ತೆ ನಿಂತಿದ್ದರು.

"ನಿಮಗೂ ಗೊತ್ತಿತ್ತಾ ಅತ್ತೆ?"

"ಗೊತ್ತಿಲ್ದೆ ಏನು. ಅವತ್ತು ಅವಳ ತಲೆ ಮೇಲೆ ಎರಡು ಸಲ ಬಡೀತು. ಬೆಚ್ಚಿಬಿದ್ದು ನನ್ನ ಕೊರಳು ಹಿಡ್ಕೊಂಡ್ಲು."

"ಹಾಗಾದ್ರೆ ಮಾವನಿಗೆ..."

"ಅವರಿಗೆ ನಿನ್ನ ಕೈ ಕಂಡಿತ್ತಲ್ಲ" ಎಂದರು ಅತ್ತೆ.

ಮಗು ಕೆಮ್ಮಿತು. ಎರಡು ದಿನದಿಂದ ಮತ್ತೆ ನೆಗಡಿ. ಅತ್ತೆ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ ಕಿಟಕಿಯ ಹತ್ತಿರ ಹೋದರು. ಅದರ ಬಾಗಿಲನ್ನು ಎಳೆದು, ಸಂದಿಯಲ್ಲಿ ನಾಲ್ಕು ಬೆರಳಿಟ್ಟು ನೋಡಿ, ಅಷ್ಟಕ್ಕೇ ನಿಲ್ಲಿಸಿದರು. ಗಾಳಿಗೆ ಅದು ಮುಚ್ಚಿಕೊಳ್ಳದ ಹಾಗೆ ಕಟ್ಟಲು ಏನಾದರೂ ಬೇಕಿತ್ತು. ನಾನು ಮಗುವನ್ನೆತ್ತಿಕೊಂಡೇ ಒಳಗೆ ಹೋಗಿ ಚೀಲದಿಂದ ಹಗ್ಗ ತಂದೆ.